ಮಳೆ ಸದ್ದು ಬೇಡ, ಹಾಸುಬಂಡೆ ಸಾಕು

ಸಿಂಚನಾ, ತೇಜು,

ನನ್ನ ಆಪರೇಷನ್ನಿನ ಕಥೆಯನ್ನು ನೀವು ಈಗಾಗಲೇ ಎರಡು ಬಗೆಯಲ್ಲಿ ಕೇಳಿದ್ದೀರಿ. ನಿಮ್ಮ ಅಪ್ಪ ಹೇಳುವಾಗ ಅದು ನಗೆಯ ಕಥೆ. ಅಜ್ಜಿ ಐಸಿಯುವಿನಲ್ಲಿ ಮಲಗಿಕೊಂಡೇ ಆಳುಗಳಿಗೆ ಕೆಲಸ ಹೇಳಿದ್ದು, ದೊಡ್ಡ ಡಾಕ್ಟರನ್ನೇ ಟಾರ್ಪಾಲು ತರಲು ಅಟ್ಟಿದ್ದು, ಎಲ್ಲವನ್ನೂ ಅವನು ಅಂಗಡಿಗೆ ಮೋಟರು ರಿಪೇರಿಗೆ ಬಂದವರ ಮುಂದೆ ಕೈಬಾಯಿ ಆಡಿಸಿ ಹೇಳುತ್ತಾನೆ. ಆನೇಮಹಲಿನ ನಿಮ್ಮ ಸೋದರತ್ತೆ ಲತಾ ಹೇಳುವಾಗ ಅದೇ ಕಥೆ ಅಳುವ ಕಥೆಯಾಗುತ್ತದೆ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳದೆ ಅವಳು ಒಂದು ವಾಕ್ಯವನ್ನೂ ಮುಗಿಸುವುದಿಲ್ಲ. ಇಬ್ಬರೂ ಹೇಳುವುದು ನನ್ನ ಎದುರಿಗೇ. ನಾನು ಅಲ್ಲಿ ಕೂತಿರುವುದು ಇಬ್ಬರಿಗೂ ಲೆಕ್ಕವಿಲ್ಲ.

ಬಾಯಿಬಿಟ್ಟು ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅದು ನಿಮಗೂ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ. ನಾನು ನಮ್ಮೂರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಕಾಗುಣಿತ ತಪ್ಪಿದ್ದರೆ ಸಿಂಚನಾ ತಿದ್ದಿಕೊಳ್ಳಲಿ. ಕೆಂಪು ಶಾಯಿ ಮಾತ್ರ ಬೇಡ.

ಬರೆಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಸಿಂಚನಾ, ನಾನು ಮನೆಗೆ ಬಂದ ಮೇಲೆ ನೀನು ನನ್ನ ಕೋಣೆಯ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದೆ. ಮಾತ್ರೆಯ ಡಬ್ಬಿಯನ್ನು ತಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಏಕೆಂದು ನನಗೆ ಗೊತ್ತಿತ್ತು. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲಿನಿಂದ ಶುರುಮಾಡಬೇಕು.

ಮೊದಲು ಬಂದದ್ದು ಏದುಸಿರು. ಮನೆಯಿಂದ ತೋಟಕ್ಕೆ ಹತ್ತುವ ದಿಣ್ಣೆಯಲ್ಲಿ ನಾನು ಮೂರು ಕಡೆ ನಿಲ್ಲತೊಡಗಿದೆ. ನಿಂತದ್ದು ಯಾರಿಗೂ ಕಾಣದಿರಲೆಂದು ಕಾಫಿ ಗಿಡದ ಚಿಗುರು ಮುರಿಯುವ ಹಾಗೆ ನಟಿಸುತ್ತಿದ್ದೆ. ಕೊನೆಗೆ ಕಾಲು ಊದಿಕೊಂಡಿತು. ಕಂಡವರೆಲ್ಲ ಒಂದೇ ಮಾತು: "ಗ್ಯಾಸು ಕಣಕ್ಕ." ಎದುರು ಮನೆಯ ಪಾರ್ವತಕ್ಕ ಓಮದ ಕಷಾಯ ತಂದಳು. ಲತಾ ಸೋಡಾ ಕುಡಿಸಿದಳು. ಕೆ. ಹೊಸಕೋಟೆಯಿಂದ ಆಲೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ, ಹೆಸರೂ ಗೊತ್ತಿಲ್ಲದ ಹೆಂಗಸು ಕೂಡ ನನ್ನ ಉಸಿರು ನೋಡಿ, "ಗ್ಯಾಸು ತುಂಬ್ಕಂಡೈತೆ, ಬೆಳ್ಳುಳ್ಳಿ ಸುಟ್ಕೊಂಡು ತಿನ್ನಿ" ಎಂದಳು. ಆ ಮಾತನ್ನು ಕೇಳಿ ಕೇಳಿ ನನಗೆ ಎಷ್ಟು ಬೇಸರವಾಗಿತ್ತೆಂದರೆ, ಹಾಸನದಲ್ಲಿ ಎದೆಗೆ ತಣ್ಣನೆಯ ಅಂಟು ಹಚ್ಚಿ ಎಕೋ ಮಾಡಿದ ಡಾಕ್ಟರು "ಹೃದಯದ ವಾಲ್ವ್ ಕೆಟ್ಟಿದೆ" ಎಂದಾಗ ಭಯಕ್ಕಿಂತ ಮೊದಲು ಸಮಾಧಾನವಾಯಿತು. ಗ್ಯಾಸ್ ಅಲ್ಲವಲ್ಲ!

ಭಯ ಬಂದದ್ದು ಹೊರಗೆ ಬೆಂಚಿನ ಮೇಲೆ ಕೂತಾಗ. ಆಗ ನಿಮ್ಮ ಅಪ್ಪ ಮಹೇಶ ನನಗೆ ಧೈರ್ಯ ಹೇಳಿದ ರೀತಿ ಕೇಳಿ.

"ನೋಡವ್ವ, ಬಾವಿ ಮೋಟ್ರಿಗೆ ಫುಟ್‌ವಾಲ್ವ್ ಐತಲ್ಲ, ಅದು ಸರಿಯಾಗಿ ಮುಚ್ಕೊಳ್ದಿದ್ರೆ ಎತ್ತಿದ ನೀರು ವಾಪಸ್ ಇಳಿದೋಯ್ತದೆ. ನಿಂದೂ ಅಂಗೇ ಆಗೈತೆ. ಬಿಚ್ಚಿ ಹೊಸದು ಹಾಕ್ಬುಟ್ರೆ ಆಯ್ತು."

"ನೀನು ಮೋಟ್ರು ಬಿಚ್ಚಿದಾಗೆಲ್ಲ ಒಂದು ಬೋಲ್ಟು ಹೊರಗೇ ಉಳಿಸ್ಕಂತೀಯಲ್ಲಪ್ಪ. ಇವ್ರೂ ಉಳಿಸಿದ್ರೆ?"

ಪಕ್ಕದಲ್ಲಿದ್ದ ನಿಮ್ಮ ಅಮ್ಮ ಗೀತಾ ನಕ್ಕಳು. ಮಹೇಶ ಮುಖ ಊದಿಸಿಕೊಂಡು ಕಾಫಿ ತರಲು ಹೋದವನು, ಕಣ್ಣು ಒರೆಸಿಕೊಂಡೇ ಬಂದ. ಅವನು ನಗೆಯ ಕಥೆ ಹೇಳುವಾಗ ಆ ಕಣ್ಣಿನ ವಿಷಯ ಬಿಟ್ಟುಬಿಡುತ್ತಾನೆ.

ಆಪರೇಷನ್ ಆದದ್ದು ಮೈಸೂರಿನಲ್ಲಿ, ಕಾಫಿಯ ಎರಡನೇ ಕೊಯ್ಲಿನ ಹೊತ್ತಿಗೆ. ಸರಿಯಾದ ಸಮಯವನ್ನೇ ಹುಡುಕಿದರು! ಗಿಡದಲ್ಲಿ ಹಣ್ಣು, ಕಣದಲ್ಲಿ ಹರವಿದ ಕಾಫಿ. ಮನೆಯ ದೊಡ್ಡವರೆಲ್ಲ ಆಸ್ಪತ್ರೆಯ ಕುರ್ಚಿಗಳ ಮೇಲೆ. ನಿಮ್ಮಿಬ್ಬರನ್ನೂ ಕಣವನ್ನೂ ನೋಡಿಕೊಳ್ಳಲು ಪಾರ್ವತಕ್ಕ ಒಬ್ಬಳೇ. ಕಣದಲ್ಲಿ ಕಾಫಿ ಇರುವಾಗ ಮೋಡ ಕವಿದರೆ ನಮ್ಮ ಮನೆಯಲ್ಲಿ ಊಟದ ತಟ್ಟೆ ಬಿಟ್ಟು ಓಡುವುದು ನೀವು ಕಂಡದ್ದೇ. ಒಂದು ಮಳೆ ಬಿದ್ದರೆ ಹಣ್ಣು ಬೂಷ್ಟು ಹಿಡಿದು ಇಡೀ ವರ್ಷದ ಬೆವರು ಕಪ್ಪಾಗುತ್ತದೆ. ನಾನು ಸ್ಟ್ರೆಚರ್ ಮೇಲೆ ಮಲಗಿದ್ದಾಗಲೂ ಕಿಟಕಿಯಲ್ಲಿ ನೋಡಿದ್ದು ಆಕಾಶವನ್ನೇ.

ಒಳಗೆ ಕರೆದೊಯ್ಯುವ ಮೊದಲು ಓಲೆ, ಮೂಗುಬೊಟ್ಟು ಬಿಚ್ಚಿಸಿದರು. ಆಮೇಲೆ ಕೊರಳಿನ ಶಿವದಾರವನ್ನೂ ತೆಗೆಯಬೇಕೆಂದರು. ಮದುವೆಗೂ ಮೊದಲಿನಿಂದ ನನ್ನ ಎದೆಯ ಮೇಲಿದ್ದ ಲಿಂಗ ಅದು. ದಾರ ಎಷ್ಟೋ ಸಲ ಬದಲಾಗಿದೆ. ಲಿಂಗವಿರುವ ಬೆಳ್ಳಿಯ ಕರಡಿಗೆ ನನ್ನ ಮೈಗೆ ಉಜ್ಜಿ ಉಜ್ಜಿ ಒಂದು ಬದಿ ಸವೆದಿದೆ. ಕೊಡುವುದಿಲ್ಲ ಎನ್ನುವಷ್ಟು ಬಾಯಿ ನನಗೆಲ್ಲಿಯದು? ಬಿಚ್ಚಿ ಗೀತಾಳ ಕೈಗಿಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎಚ್ಚರವಾದಾಗ ನಾನು ಆಸ್ಪತ್ರೆಯಲ್ಲಿರಲಿಲ್ಲ. ಇದನ್ನು ನೀವು ಸರಿಯಾಗಿ ತಿಳಿಯಬೇಕು. ಎಲ್ಲರೂ "ನಿಂಗೆ ಏನೇನೋ ಕನಸು ಬಿತ್ತಂತೆ" ಎನ್ನುತ್ತಾರೆ. ಕನಸಾದರೆ ಎದ್ದ ಮೇಲೆ ಕನಸೆಂದು ಗೊತ್ತಾಗುತ್ತದೆ. ನಾನು ಎದ್ದೇ ಇದ್ದೆ, ಕಣ್ಣು ಬಿಟ್ಟೇ ಇದ್ದೆ, ಮತ್ತು ಒಂದು ಕಾಫಿ ಗೋದಾಮಿನಲ್ಲಿದ್ದೆ. ಸುತ್ತ ಬಿಳಿಯ ಮೂಟೆಗಳು. ಅವು ಹೊದಿಕೆ ಹೊದ್ದ ರೋಗಿಗಳೆಂದು ಈಗ ಗೊತ್ತು. ಎಲ್ಲೋ ಒಂದು ಪಿಕಪ್ ಗಾಡಿ ಪೀಂ, ಪೀಂ ಎಂದು ಹಿಂದಕ್ಕೆ ಬರುತ್ತಲೇ ಇತ್ತು. ಬರುತ್ತಲೇ ಇತ್ತು, ನಿಲ್ಲುತ್ತಲೇ ಇರಲಿಲ್ಲ. ಅದು ನನ್ನ ಎದೆಯ ಬಡಿತ ತೋರಿಸುವ ಯಂತ್ರವಂತೆ. ಗೋಡೆಗೆ ಗುದ್ದುತ್ತದೆ, ನಿಲ್ಲಿಸಿ, ನಿಲ್ಲಿಸಿ ಎಂದು ನಾನು ಕೂಗಿದರೆ, ಬಂದವರು, "ಏನಿಲ್ಲ ಅಮ್ಮ, ಸಮಾಧಾನ" ಎನ್ನುತ್ತಿದ್ದರು. ಗಾಡಿಯನ್ನು ಮಾತ್ರ ಯಾರೂ ನಿಲ್ಲಿಸುತ್ತಿರಲಿಲ್ಲ.

ಬೆಳಕು ಸದಾ ಒಂದೇ ತೆರನಾಗಿತ್ತು. ಬೆಳಗೋ ಬೈಗೋ ತಿಳಿಯದು. ನನ್ನ ಕೈ ತಾನಾಗಿಯೇ ಕೊರಳಿಗೆ ಹೋಗುತ್ತಿತ್ತು. ಅಲ್ಲಿ ಕರಡಿಗೆಯ ಬದಲು ಒಂದು ಕೊಳವೆ ಸಿಗುತ್ತಿತ್ತು. ಇದೇನು, ನನ್ನ ಲಿಂಗವೆಲ್ಲಿ ಎಂದು ಅದರ ಜಾಡು ಹಿಡಿದು ತಡಕಾಡುತ್ತಿದ್ದೆ. ಅವರ ಕಣ್ಣಿಗೆ ನಾನು ಕೊಳವೆ ಕೀಳುವ ಹೆಂಗಸು. ಮೆತ್ತನೆಯ ಪಟ್ಟಿಯಿಂದ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದರು. ಬೈದು ಕಟ್ಟಲಿಲ್ಲ, ತಲೆ ಸವರಿಯೇ ಕಟ್ಟಿದರು. ಸವರಿ ಕಟ್ಟಿದರೂ ಕಟ್ಟು ಕಟ್ಟೇ.

ಡಾಕ್ಟರು ಬಂದು ಪ್ರಶ್ನೆ ಕೇಳುತ್ತಿದ್ದರು. "ಅಮ್ಮ, ಇದು ಯಾವ ತಿಂಗಳು?"

"ಎರಡನೇ ಕುಯ್ಲು," ಎಂದೆ.

ಅವರು ತಲೆ ಅಲ್ಲಾಡಿಸಿದರು. ಮಿಕ್ಕಿದ್ದೆಲ್ಲ ತಪ್ಪಿರಬಹುದು ಮಕ್ಕಳೇ, ಆ ಉತ್ತರ ಸರಿಯಾಗಿತ್ತು!

ನನ್ನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಹೆಸರು ಮಂಜುಳಾ. ಅರಸೀಕೆರೆ ಕಡೆಯ ಹುಡುಗಿ. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಆಪರೇಷನ್ ಆದ ವಯಸ್ಸಾದವರಿಗೆ ಕೆಲವು ದಿನ ಹೀಗೆ ಮಂಕು ಕವಿಯುವುದುಂಟು, ಕಣ್ಣಿಗೆ ಕಿವಿಗೆ ಹಿತವಾದದ್ದು ಸಿಕ್ಕರೆ ಮನಸ್ಸು ಸ್ವಲ್ಪ ತಿಳಿಯಾಗುತ್ತದೆ ಎಂದು ಅವಳು ನಿಮ್ಮ ಅಪ್ಪನಿಗೆ ಹೇಳಿದಳಂತೆ. ಕಾಡು, ನದಿ, ಹಕ್ಕಿ, ಮಳೆ. ಅಲ್ಲಿಂದ ಶುರುವಾಯಿತು ನನ್ನ ಪಾಡು.

ಎದುರು ಗೋಡೆಯ ಮೇಲೆ ಒಂದು ಚಿತ್ರವಿತ್ತು. ಮಂಜು ಕವಿದ ದಟ್ಟ ಕಾಡು. ಮಂಜುಳಾ ನನ್ನ ಮಂಚದ ತಲೆಯ ಕಡೆ ಎತ್ತರಿಸಿ, "ಅದನ್ನೇ ನೋಡ್ತಾ ಇರಿ ಅಮ್ಮ, ಎಷ್ಟು ಪ್ರಶಾಂತವಾಗಿದೆ" ಎಂದಳು. ನೋಡಿದೆ. ನಮ್ಮ ಕಡೆಯವರು ಮಂಜಿನ ಕಾಡನ್ನು ಯಾಕೆ ನೋಡುತ್ತಾರೆ ಹೇಳಿ? ಆನೆ ನಿಂತಿದೆಯೋ ಎಂದು ನೋಡುತ್ತಾರೆ. ಮರದ ಸಂದಿಯಲ್ಲಿ ಬೂದು ಬಣ್ಣದ್ದೇನೋ ಅಲುಗಿತು. ಪಕ್ಕದ ಮಂಚದ ಯಜಮಾನರಿಗೆ ನಾನು ಪಿಸುಗುಟ್ಟಿದೆ: "ಅಲ್ಲಾಡಬ್ಯಾಡಿ ಕಣ್ರೀ, ಒಂಟಿ ಸಲಗ ನಿಂತೈತೆ." ಅವರಿಗೂ ಅವತ್ತಷ್ಟೇ ಎಚ್ಚರವಾಗಿತ್ತು. ಅವರೂ ಅಲ್ಲಾಡಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಮಲಗಿದ್ದೆವು. ಯಂತ್ರಗಳು ಕೂಗಿಕೊಂಡಾಗ ಸಿಸ್ಟರುಗಳೆಲ್ಲ ಓಡಿಬಂದರು.

ಚಿತ್ರಕ್ಕೆ ಬಟ್ಟೆ ಹೊದಿಸಿದರು. ಆಮೇಲೆ ಮಹೇಶ ಫೋನಿನಲ್ಲಿ ಸಮುದ್ರ ತಂದ. ನಾನು ಸಮುದ್ರ ನೋಡಿದವಳೇ ಅಲ್ಲ. ನೀರು ಮೇಲೆ ಬಂದು ಬಂದು ಹೋಗುವುದನ್ನು ಕಂಡು ಮಂಚ ಒದ್ದೆಯಾಗುತ್ತದೆಂದು ಕಾಲು ಮಡಚಿದೆ. "ಕಾಲು ಮಡಚ್ಬೇಡವ್ವ, ಹೊಲಿಗೆ ಐತೆ!" ಎಂದು ಅವನು ಕೂಗಿದ. ಸಮಾಧಾನ ಮಾಡುವ ದನಿಯೇ ಅದು?

ಮೂರನೆಯದು ಮಳೆ. ಅದನ್ನು ತಂದವಳು ಮಂಜುಳಾ. ಅವಳೂರಿನಲ್ಲಿ ಮಳೆಗಾಗಿ ಕಾದು ಕಾದು ಜನರ ಕಣ್ಣು ಬತ್ತುತ್ತದಂತೆ. ಮಳೆಯ ಸದ್ದು ಕೇಳಿದರೆ ಅವಳಿಗೆ ಹಬ್ಬದ ಅಡುಗೆಯ ವಾಸನೆ ಬಂದಂತಾಗುತ್ತದಂತೆ. ತನಗೆ ಅಷ್ಟು ಸುಖ ಕೊಡುವುದನ್ನು ನನಗೂ ಕೊಡೋಣವೆಂದು ಆ ಹುಡುಗಿ ತನ್ನ ಫೋನನ್ನು ನನ್ನ ದಿಂಬಿನ ಪಕ್ಕ ಇಟ್ಟು ಹೋದಳು. ಜೋರು ಮಳೆ. ತಗಡಿನ ಮೇಲೆ ಬೀಳುವ ಮಳೆ.

ಕಣದಲ್ಲಿ ಅಷ್ಟೂ ಕಾಫಿ ಹರವಿದೆ. ನನ್ನ ಕೈ ಕಟ್ಟಿದೆ.

ಜೀವನದಲ್ಲಿ ನಾನು ಅಷ್ಟು ಕೂಗಿಕೊಂಡದ್ದಿಲ್ಲ. "ಮುಚ್ರೋ! ಟಾರ್ಪಾಲ್ ಎಳೀರೋ! ಯಾರೂ ಇಲ್ವೇನ್ರೋ!" ದೊಡ್ಡ ಡಾಕ್ಟರು ಬಂದರು. "ನಿಂತ್ಕಂಡು ನೋಡ್ತೀಯಲ್ಲೋ ಮಾರಾಯ, ಆ ಕಡೆ ತುದಿ ಹಿಡ್ಕೊ!" ಎಂದು ಅವರಿಗೇ ಹೇಳಿದೆನಂತೆ. ಗಂಡಸರ ಮುಂದೆ ತಲೆಯೆತ್ತಿ ಮಾತಾಡದ ನಾನು! ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಳೆ ನಿಲ್ಲಿಸಲು ಯಾರಿಗೂ ತೋಚಲಿಲ್ಲ. ನಾನು ಕೂಗಿದಷ್ಟೂ, ಸಮಾಧಾನವಾಗಲೆಂದು ಸದ್ದು ಜೋರು ಮಾಡಿದರು.

ಆಮೇಲೆ, ಮೊಮ್ಮಗಳ ಮುಖ ಕಂಡರೆ ಸರಿಹೋದೀತೆಂದು ಮಹೇಶ ವಿಡಿಯೋ ಕಾಲ್ ಮಾಡಿಸಿದ. ಸಿಂಚನಾ, ನೀನು ಅಜ್ಜಿಗೆ ತೋಟ ತೋರಿಸೋಣವೆಂದು ಒಳ್ಳೆಯ ಮನಸ್ಸಿನಿಂದಲೇ ಹೊರಗೆ ಬಂದು ನಿಂತಿದ್ದೆ. ನಿಂತದ್ದು ಕಣದ ಅಂಚಿನಲ್ಲಿ. ಕಾಲಲ್ಲಿ ಚಪ್ಪಲಿ. ಹಿಂದೆ ಕಾಫಿ, ಮುಚ್ಚದ ಕಾಫಿ. ನನ್ನ ಕಿವಿಯಲ್ಲಿ ಆ ಮಳೆ ಇನ್ನೂ ಬೀಳುತ್ತಿತ್ತು.

"ಯಾರೇ ನೀನು? ಚಪ್ಪಲಿ ಹಾಕ್ಕೊಂಡು ಕಣ ತುಳೀತೀಯಲ್ಲೇ! ಇಳಿಯೇ ಕೆಳಗೆ!"

ನಿನ್ನ ಮುಖ ಸಣ್ಣದಾಯಿತು. ಫೋನು ಕಪ್ಪಾಯಿತು. ಅದೊಂದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಇದ್ದಕ್ಕಿದ್ದಂತೆ ಒಂದು ಕ್ಷಣ ಬುದ್ಧಿ ತಿಳಿಯಾಗಿ, ಅಯ್ಯೋ ಅದು ನಮ್ಮ ಮಗುವಲ್ಲವೇ ಎಂದು ಹೊಳೆಯಿತು. ಮತ್ತೆ ಗಾಡಿ ಪೀಂ ಎಂದು ಹಿಂದಕ್ಕೆ ಬರತೊಡಗಿತು. ಹೊಳೆದದ್ದು ಹೋಯಿತು. ಎಲ್ಲಕ್ಕಿಂತ ಹೆಚ್ಚಿನ ಭಯ ಅದೇ. ಸಾಯುವ ಭಯ ಅಷ್ಟಿರಲಿಲ್ಲ. ಬದುಕಿ, ಮನೆಗೆ ಹೋಗಿ, ನಿಮ್ಮನ್ನು ಯಾರೆಂದು ಕೇಳುತ್ತ ಮೂಲೆಯಲ್ಲಿ ಕೂರಬೇಕಾದರೆ?

ಹೊರಗೆ ಕಾಯುವ ಕುರ್ಚಿಗಳಲ್ಲಿ ನಿಮ್ಮ ಅಪ್ಪ ಅದನ್ನೇ ಹೇಳುತ್ತ ಕೂತಿದ್ದನಂತೆ. "ವಾಲ್ವ್ ಸರಿ ಮಾಡುದ್ರು, ಅವ್ವನ ತಲೆ ಹೋಗ್ಬುಡ್ತು ಕಣೇ."

ಗೀತಾ ಅವನ ಮೇಲೆ ರೇಗಿದಳು. "ತಲೆ ಎಲ್ಲೂ ಹೋಗಿಲ್ಲ, ಸುಮ್ನಿರಿ. ಕುಯ್ಲಲ್ಲಿ ಮಳೆ ಸದ್ದು ಕೇಳಿದ್ರೆ ನಾನೂ ಕೂಗ್ತೀನಿ. ನೀವು ಅಂಗಡೀಲಿ ಮೋಟ್ರು ಬಿಚ್ಕೊಂಡು ಕೂತಿರ್ತೀರ, ಟಾರ್ಪಾಲ್ ಎಳೆಯೋರು ಯಾರು? ನಾನೂ ಅತ್ತೇನೂ."

ಎದ್ದು ಒಳಗೆ ಬಂದಳು. ರೋಗಿಯನ್ನು ನೋಡಲು ಒಬ್ಬರನ್ನು ಮಾತ್ರ ಒಳಗೆ ಬಿಡುವ ಹೊತ್ತಾಗಿತ್ತು. ಮಂಜುಳಾಗೆ ಅವಳು ಹೇಳಿದ್ದನ್ನು ಮಂಜುಳಾ ನನಗೆ ಆಮೇಲೆ ಹೇಳಿದಳು.

"ಸಿಸ್ಟರ್, ಮೊದ್ಲು ಆ ಮಳೆ ಆಫ್ ಮಾಡಿ. ನಿಮ್ಮೂರಲ್ಲಿ ಅದು ದೇವ್ರು, ನಮ್ಮೂರಲ್ಲಿ ಈಗ ಅದು ಕಳ್ಳ. ಇನ್ನೊಂದು, ಅತ್ತೆ ಪೈಪ್ ಕೀಳ್ತಿಲ್ಲ. ಲಿಂಗ ಹುಡುಕ್ತಾವ್ರೆ."

ಕೊರಳಿಗೆ ಹಾಕಲು ಬರುವುದಿಲ್ಲವೆಂದು ಮಂಜುಳಾ ಹೇಳಿದಳು. ಆದರೂ ಡಾಕ್ಟರನ್ನು ಕೇಳಿಕೊಂಡು ಬಂದು, ಕರಡಿಗೆಯನ್ನು ಔಷಧಿಯ ಬಟ್ಟೆಯಿಂದ ಒರೆಸಿ ಒರೆಸಿ, ಕೊನೆಗೆ ನನ್ನ ಎಡಗೈಯ ಕಟ್ಟು ಸಡಿಲಿಸಿ ಅಂಗೈಯಲ್ಲಿಟ್ಟಳು. ಸ್ಪಿರಿಟ್ಟಿನ ವಾಸನೆ. ಆದರೂ ಸವೆದ ಬದಿಯನ್ನು ನನ್ನ ಹೆಬ್ಬೆರಳು ಗುರುತು ಹಿಡಿಯಿತು. ನಾವು ದಿನವೂ ಸ್ನಾನ ಮಾಡಿ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಅದನ್ನೇ ನೋಡುತ್ತ ಕೂರುವವರು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ತಡಕಾಡುವುದನ್ನು ಬಿಟ್ಟು ಅದು ಅಲ್ಲೇ ನಿಂತಿತು.

ಗೀತಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅತ್ತೆ, ಇದು ಮೈಸೂರು. ನಿಮ್ಗೆ ಆಪ್ರೇಸನ್ ಆಗೈತೆ. ಮಳೆ ಬಂದಿಲ್ಲ, ಅದು ಫೋನಿನ ಸದ್ದು. ಪಾರ್ವತಕ್ಕಂಗೆ ಈಗ ಫೋನ್ ಮಾಡಿದ್ದೆ. ಊರಲ್ಲಿ ಬಿಸ್ಲು ಸುಡ್ತೈತೆ. ಕಣ ಒಣಗೈತೆ."

ಅಲ್ಲಿಯವರೆಗೆ ಎಲ್ಲರೂ "ಕಣ ಇಲ್ಲ, ಕಾಫಿ ಇಲ್ಲ, ಏನೂ ಇಲ್ಲ" ಎಂದೇ ಹೇಳಿದ್ದರು. ಇಲ್ಲವೆಂದರೆ ನಾನು ಹೇಗೆ ನಂಬಲಿ? ಇದೆ, ಒಣಗಿದೆ ಎಂದವಳು ಇವಳೊಬ್ಬಳೇ.

"ಬಿಸ್ಲು ಐತಾ?" ಎಂದೆ.

"ಹಾಸುಬಂಡೆ ಮೇಲೆ ಕಾಲಿಡಂಗಿಲ್ವಂತೆ."

ಹಾಸುಬಂಡೆ! ನಮ್ಮ ತೋಟದ ನೆತ್ತಿಯಲ್ಲಿ ಮಲಗಿರುವ ಆ ಚಪ್ಪಟೆ ಬಂಡೆ. ಕೊಯ್ಲಿನಲ್ಲಿ ನಾವು ಬುತ್ತಿ ಬಿಚ್ಚುವುದು ಅಲ್ಲೇ. ನಿಮ್ಮ ತಾತ ಇದ್ದಾಗ ಉಂಡ ಮೇಲೆ ಟವೆಲ್ ಮುಖಕ್ಕೆ ಹಾಕಿಕೊಂಡು ಅದರ ಮೇಲೆ ಮಲಗುತ್ತಿದ್ದರು. ಯಾರೂ ಇಲ್ಲದಾಗ ನಾನೂ ಒಂದು ಗಳಿಗೆ ಬೆನ್ನು ಚಾಚುತ್ತಿದ್ದೆ. ಚಳಿಗಾಲದ ಬಿಸಿಲಿಗೆ ಕಾದ ಕಲ್ಲು ಸೊಂಟದ ನೋವನ್ನು ಹೀರಿಕೊಳ್ಳುತ್ತದೆ.

ಮಂಜುಳಾ ಆ ಬಂಡೆಯ ಮಾತನ್ನೇ ಹಿಡಿದುಕೊಂಡಳು. "ಹಾಗಾದ್ರೆ ಅಲ್ಲೇ ಮಲಗಿ ಅಮ್ಮ. ಕಣ್ಮುಚ್ಚಿ. ಪಕ್ಕದಲ್ಲಿ ತೊರೆ ಹರೀತಾ ಇದೆ…"

"ತೊರೆ ಇಲ್ಲ ಕಣಮ್ಮ ಅಲ್ಲಿ. ಪೈಪು ಐತೆ."

"ಸರಿ, ಹಕ್ಕಿಗಳು ಹಾಡ್ತಾ ಇವೆ…"

"ಹಾಡೋದಿಲ್ಲ. ಹಣ್ಣು ತಿಂತವೆ."

ಗೀತಾ ಬಾಯಿಗೆ ಸೆರಗು ಒತ್ತಿಕೊಂಡಳು. ಮಂಜುಳಾಗೂ ನಗು ಬಂತು. "ನಂಗೆ ಗೊತ್ತಿಲ್ಲಮ್ಮ, ನೀವೇ ಹೇಳಿ, ಏನೇನಿದೆ" ಎಂದಳು.

ಆಪರೇಷನ್ ಆದ ಮೇಲೆ ಯಾರಾದರೂ ನನ್ನನ್ನೇ ಕೇಳಿದ್ದು ಅದೇ ಮೊದಲು. ನಾನು ಹೇಳುತ್ತ ಹೋದೆ. ಹಿಮ್ಮಡಿಗೆ ಮೊದಲು ಬಿಸಿ ತಗಲುತ್ತದೆ. ಆಮೇಲೆ ಮೀನಖಂಡ. ಸೊಂಟದ ಹತ್ತಿರ ಕಲ್ಲು ಸ್ವಲ್ಪ ತಗ್ಗಿದೆ, ನನ್ನ ಬೆನ್ನು ಸರಿಯಾಗಿ ಅದರೊಳಗೆ ಕೂರುತ್ತದೆ. ಬಲಗಡೆ ಒಂದು ಬಿರುಕು, ಅದರಲ್ಲಿ ಒಣಗಿದ ಪಾಚಿ. ಸಿಲ್ವರ್ ಓಕ್ ಮರದ ನೆರಳು ಮೊಣಕಾಲಿನವರೆಗೆ ಬಂದು ನಿಂತಿದೆ. ಆಕಾಶದಲ್ಲಿ ಚೂರೂ ಮೋಡವಿಲ್ಲ. ಮೋಡವಿಲ್ಲ ಎನ್ನುವುದೇ ದೊಡ್ಡದು. ಹೇಳುತ್ತ ಹೇಳುತ್ತ ಆ ಪೀಂ ಪೀಂ ಸದ್ದು ದೂರವಾಗಿ, ಗಾಡಿ ಕೊನೆಗೂ ಎಲ್ಲಿಗೋ ಹೊರಟುಹೋದಂತಾಯಿತು. ನಾನು ನಿದ್ದೆ ಮಾಡಿದೆ.

ಒಂದೇ ಏಟಿಗೆ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಲತಾ ಹೇಳುವ ಕಥೆಯಲ್ಲಿ ಲಿಂಗ ಕೈಗೆ ಬಂದ ಕೂಡಲೇ ನಾನು ಎದ್ದು ಕೂತುಬಿಡುತ್ತೇನೆ. ಸುಳ್ಳು. ಮತ್ತೆ ಮತ್ತೆ ಮಂಕು ಕವಿಯಿತು. ಒಮ್ಮೆ ಬಂಡೆಯ ಅರ್ಧಕ್ಕೆ ಬರುವಷ್ಟರಲ್ಲಿ ಜಾರಿ ಗೋದಾಮಿಗೆ ಬಿದ್ದೆ. ಡಾಕ್ಟರು ಔಷಧಿ ಬದಲಾಯಿಸಿದರು, ಕಿಟಕಿಯ ಕಡೆ ಮಂಚ ಸರಿಸಿದರು, ನನ್ನ ಕನ್ನಡಕ ಕೊಡಿಸಿದರು. ಯಾವುದರಿಂದ ಎಷ್ಟಾಯಿತೋ ನಾನರಿಯೆ. ಆದರೆ ಜಾರಿದಾಗಲೆಲ್ಲ ಹಿಂದಕ್ಕೆ ಬರಲು ನನಗೊಂದು ಜಾಗವಿತ್ತು. ಹಿಮ್ಮಡಿಯಿಂದ ಶುರುಮಾಡುತ್ತಿದ್ದೆ. ಎಡಗೈ ಆಯಿತು, ಆಮೇಲೆ ಬಲಗೈಯ ಕಟ್ಟನ್ನೂ ಬಿಚ್ಚಿದರು.

ಮನೆಗೆ ಬಂದ ಮೇಲಿನ ಕಾಟ ಬೇರೆಯದು. ನೋಡಲು ಬಂದವರೆಲ್ಲ ಬಿಸ್ಕತ್ತು ಇಟ್ಟು, ನನಗೆ ಕಿವುಡೋ ಎಂಬಂತೆ ಕೂಗಿ ಮಾತಾಡಿದರು. "ಈಗ ತಲೆ ಸರಿಯಾಯ್ತಾ? ನಾನ್ಯಾರು ಹೇಳಿ ನೋಡಾನ?" ಎಂದು ಪರೀಕ್ಷೆ ಬೇರೆ. ಹೆತ್ತೂರಿನಿಂದ ಬಂದ ಒಬ್ಬ ನೆಂಟರು ಇದೇ ಆಪರೇಷನ್ ಆಗಿ ತೀರಿಕೊಂಡವರನ್ನೆಲ್ಲ ನೆನೆಸಿಕೊಂಡು, ಎರಡು ಸಲ ಕಾಫಿ ಕುಡಿದು ಎದ್ದರು. ನನಗೆ ಎದೆಗಿಂತ ಹಲ್ಲು ಕಚ್ಚಿದ ದವಡೆಯೇ ಹೆಚ್ಚು ನೋಯುತ್ತಿತ್ತು.

ಇಷ್ಟೆಲ್ಲ ಜನ ಒಳಗೆ ಬಂದರು. ನೀನು ಮಾತ್ರ ಬಾಗಿಲಲ್ಲೇ ನಿಲ್ಲುತ್ತಿದ್ದೆ, ಸಿಂಚನಾ.

ದಿಣ್ಣೆ ಹತ್ತಬಹುದೆಂದು ಡಾಕ್ಟರು ಹೇಳಿದ ಮೇಲೆ ನಾನು ಕೋಲು ಹಿಡಿದು ಹೊರಟದ್ದು ಬಂಡೆಗೇ. ನಿನ್ನ ಅಮ್ಮ ನಿನ್ನನ್ನು ಜೊತೆಗೆ ಕಳಿಸಿದಳು. ನೀನು ಹತ್ತು ಮಾರು ಹಿಂದೆ ಬಂದೆ. ಮೊದಲು ನಿಲ್ಲುತ್ತಿದ್ದ ಕಡೆಗಳಲ್ಲೇ ನಾನು ನಿಂತೆ. ಈ ಸಲ ಚಿಗುರು ಮುರಿಯುವ ನಾಟಕವಾಡಲಿಲ್ಲ, ಸುಮ್ಮನೆ ನಿಂತೆ. ಮೇಲೆ ಹೋಗಿ ಬಂಡೆಯ ಮೇಲೆ ಕೂತಾಗ ನೀನು ಕೆಳಗೇ ನಿಂತು ಕೇಳಿದೆ.

"ಅಜ್ಜಿ, ನಾನು ಯಾರು ಅಂತ ಗೊತ್ತಾ?"

ಊರವರೆಲ್ಲ ಕೇಳಿ ಕೇಳಿ ರೇಗಿಸಿದ ಪ್ರಶ್ನೆ. ನೀನು ಕೇಳಿದಾಗ ಮಾತ್ರ ರೇಗಲಿಲ್ಲ.

"ಕಣದ ಮೇಲೆ ಚಪ್ಪಲಿ ಹಾಕ್ಕೊಂಡು ನಿಂತಿದ್ದೋಳು."

ನೀನು ಕಾಲು ನೋಡಿಕೊಂಡೆ. ಚಪ್ಪಲಿ ಬಿಟ್ಟು ಮೇಲೆ ಹತ್ತಿದೆ. ನಾನು ಮಲಗುವಂತೆಯೇ ನೀನೂ ಮಲಗಿದೆ, ಸೊಂಟದ ತಗ್ಗಿನಲ್ಲಿ ಸೊಂಟ. ಸ್ವಲ್ಪ ಹೊತ್ತಿಗೆ ತಟ್ಟನೆ ಎದ್ದು ಕೂತೆ. "ಅಜ್ಜೀ, ಇರುವೆ ಕಚ್ತಾವೆ! ನೀನು ಅಮ್ಮನ ಹತ್ರ ಅಷ್ಟೆಲ್ಲ ಹೇಳಿದ್ಯಂತೆ, ಇರುವೆ ಐತೆ ಅಂತ ಹೇಳೇ ಇಲ್ವಲ್ಲ!"

ಹೌದು ಮಗಳೇ. ಮೈಸೂರಿನಲ್ಲಿ ನಾನು ಮಲಗಿದ್ದ ಬಂಡೆಯಲ್ಲಿ ಇರುವೆಗಳಿರಲಿಲ್ಲ. ನಿನ್ನ ತೊಡೆಯ ಮೇಲಿನ ಇರುವೆಯನ್ನು ನಾನೇ ಕೊಡವಿದೆ. ನೀನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಈಗ ಮುಖ್ಯವಾದ ಮಾತು. ನನಗೆ ಹಾಕಿರುವ ವಾಲ್ವಿಗೂ ಆಯಸ್ಸು ಇದೆಯಂತೆ. ಅದು ಸವೆದರೆ ಮತ್ತೆ ಬಿಚ್ಚಬೇಕಾಗಬಹುದು. ಅದಲ್ಲದಿದ್ದರೂ ವಯಸ್ಸಾದ ತಲೆ, ಯಾವುದಾದರೂ ಜ್ವರದಲ್ಲಿ ಮತ್ತೆ ದಾರಿ ತಪ್ಪಬಹುದು. ಆಗ ನಿಮ್ಮ ಅಪ್ಪ ಸಮುದ್ರ ಹುಡುಕುತ್ತಾನೆ, ಲತಾ ಅಳುತ್ತಾಳೆ. ನಿಮ್ಮ ಅಮ್ಮ ಹತ್ತಿರ ಇರುತ್ತಾಳೋ ಇಲ್ಲವೋ. ಆದ್ದರಿಂದ ಈ ಹಾಳೆಗಳನ್ನು ಜೋಪಾನವಾಗಿಡಿ. ಅಟ್ಟದ ಮೇಲೆ ಬೇಡ, ಅಲ್ಲಿ ಗೆದ್ದಲು. ಅಪ್ಪನ ಅಂಗಡಿಯಲ್ಲಂತೂ ಬೇಡವೇ ಬೇಡ, ಗ್ರೀಸ್ ಒರೆಸಿಬಿಡುತ್ತಾನೆ. ಸಿಂಚನಾ, ನಿನ್ನ ಶಾಲೆಯ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೋ. ನಾನು ನಿಮ್ಮನ್ನು ಯಾರೆಂದು ಕೇಳಿದ ದಿನ ತೆಗೆದು ಓದಿ. ಮಳೆ ಸದ್ದು ಹಾಕಬೇಡಿ. ಎಡಗೈಯಲ್ಲಿ ಕರಡಿಗೆ ಇಡಿ. ಕಣ ಒಣಗಿದೆ ಎಂದು ಹೇಳಿ. ಆಮೇಲೆ ಹಿಮ್ಮಡಿಯಿಂದ ಶುರುಮಾಡಿ, ನನ್ನನ್ನು ಬಂಡೆಯ ಮೇಲೆ ಮಲಗಿಸಿ. ಬೇಕಾದರೆ ಇರುವೆಗಳನ್ನೂ ಸೇರಿಸಿ. ಅವು ಇದ್ದರೆ, ಹೇಳುತ್ತಿರುವವಳು ಸಿಂಚನಾ ಎಂದು ನನಗೆ ಗೊತ್ತಾಗುತ್ತದೆ.

ನಿಮ್ಮ ಅಜ್ಜಿ